ಎಷ್ಟು, ಎಂದಿನಿಂದ, ಕೊನೆಗೆ ಯಾವಾಗ



ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ನಮ್ಮಲ್ಲಿ ಓದುವವರು ಕಡಿಮೆ. ಬಿಲ್ಲಿನ ಮೊತ್ತ ನೋಡುತ್ತೇವೆ, ಮಾತ್ರೆಗಳನ್ನು ಹೊತ್ತುಹೊತ್ತಿಗೆ ಹೇಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ, ಆಮೇಲೆ ಆ ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಬೀರುವಿನಲ್ಲಿಡುತ್ತೇವೆ. ಆ ಹಾಳೆಯ ಮೇಲ್ಗಡೆ 'ಡಯಾಗ್ನೋಸಿಸ್' ಎಂಬ ಒಂದು ಸಾಲಿರುತ್ತದೆ. ಕುಡಿತ, ತಂಬಾಕು, ಗಾಂಜಾ, ನಿದ್ದೆ ಮಾತ್ರೆ ಇಂಥವುಗಳಿಗೆ ಅಂಟಿಕೊಂಡ ರೋಗಿಯ ಪಾಲಿಗೆ ಆ ಸಾಲು ಮುಂದೆ ಎಲ್ಲೆಲ್ಲಿಗೆ ಹೋಗುತ್ತದೆ, ಏನೇನು ಮಾಡುತ್ತದೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ. ನನ್ನ ಕೆಲಸ ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿ. ಆಸ್ಪತ್ರೆಯ ಭಾಷೆಯಲ್ಲಿ ಎಂಆರ್‌ಡಿ. ರೋಗಿ ಮನೆಗೆ ಹೋದ ಮೇಲೆ ಅವರ ಕೇಸ್ ಶೀಟು ನಮ್ಮ ಮೇಜಿಗೆ ಬರುತ್ತದೆ. ಅದನ್ನು ಓದಿ, ರೋಗಕ್ಕೆ ಸಂಕೇತ ಹಾಕಿ, ಕಟ್ಟಿ ಇಡುವುದು ನಮ್ಮ ಹೊಣೆ.

ಕುಡಿಯುವ ಅಭ್ಯಾಸವಿರುವವರು ದಾಖಲಾದಾಗ ಕೇಸ್ ಶೀಟಿನಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಬರಹ ಎರಡು ಪದದ್ದು: 'ಕ್ರಾನಿಕ್ ಆಲ್ಕೊಹಾಲಿಕ್'. ರಾತ್ರಿ ಪಾಳಿಯ ಹೌಸ್ ಸರ್ಜನ್ ಅವಸರದಲ್ಲಿ ಬರೆದಿರುತ್ತಾರೆ. ಒಬ್ಬರೇ ಹತ್ತಾರು ಹಾಸಿಗೆ ನೋಡುವ ಅವರ ಕಷ್ಟ ನಮಗೆ ಗೊತ್ತು. ಆದರೆ ಆ ಎರಡು ಪದದಿಂದ ಮುಂದಿನ ಪಾಳಿಯವರಿಗೆ ಏನು ತಿಳಿಯಿತು? ದಿನವೂ ಕುಡಿಯುತ್ತಾರೋ, ವಾರಕ್ಕೊಮ್ಮೆಯೋ? ಬೆಳಿಗ್ಗೆ ಕೈ ನಡುಗುತ್ತದೋ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೋ? ಕೊನೆಗೆ ಕುಡಿದದ್ದು ಎಷ್ಟು ಹೊತ್ತಿಗೆ? ಒಂದಕ್ಕೂ ಉತ್ತರವಿಲ್ಲ.

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಗಾರೆ ಕೆಲಸದ ಒಬ್ಬರು ಬೆಳಿಗ್ಗೆ ಸಾರುವೆಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ಬಂದಿದ್ದಾರೆ. ವೈದ್ಯರು ಕೇಳುತ್ತಾರೆ, "ಯಜಮಾನ್ರೇ, ಕುಡಿಯೋ ಅಭ್ಯಾಸ ಇದೆಯಾ?" "ಇಲ್ಲ ಸಾರ್, ಹಬ್ಬಕ್ಕೆ ಹುಣ್ಣಿಮೆಗೆ ಒಂದ್ಸಲ." ಪಕ್ಕದಲ್ಲಿ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಾರೆ. ಅನುಭವವಿರುವ ಸಿಸ್ಟರ್ ಒಬ್ಬರು ಅವರನ್ನು ಆಚೆ ಕರೆದು ಮೆಲ್ಲಗೆ ಕೇಳುತ್ತಾರೆ, "ಅಮ್ಮಾ, ನಿನ್ನೆ ಎಷ್ಟೊತ್ತಿಗೆ ತಗೊಂಡಿದ್ರು?" "ರಾತ್ರಿ ಒಂಬತ್ತಕ್ಕೆ ಸಿಸ್ಟರ್. ಎರಡು ಕ್ವಾರ್ಟರ್ ತಂದಿದ್ರು, ಒಂದೂವರೆ ಖಾಲಿ ಮಾಡಿದ್ರು. ದಿನಾ ಅಷ್ಟೇ." ಸಿಸ್ಟರ್ ಇದನ್ನು ಹಾಗೇ ಬರೆದರೆ ಮುಂದಿನ ನಾಲ್ಕು ದಿನದ ನಕ್ಷೆಯೇ ಸಿಕ್ಕಿದಂತೆ.

ಏಕೆಂದರೆ ದಿನವೂ ಅಷ್ಟು ಕುಡಿಯುವ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ಆಗುವುದಕ್ಕೆ ಹೆಚ್ಚುಕಡಿಮೆ ಒಂದು ಗಡಿಯಾರ ಇದೆ. ಕೈ ನಡುಕ, ಬೆವರು, ನಿದ್ದೆಗೇಡು ಸಾಮಾನ್ಯವಾಗಿ ಮೊದಲ ದಿನವೇ ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಡ್ರಿಪ್ ಕಿತ್ತು ಎಸೆಯುವುದು, ಮಂಚ ಇಳಿದು ಓಡುವುದು. ಮುರಿದ ಕಾಲಿನಲ್ಲಿ! ಕೊನೆಯ ಕುಡಿತದ ಹೊತ್ತು ಬರೆದಿರದಿದ್ದರೆ ವಾರ್ಡಿನಲ್ಲಿ ಗಾಬರಿ. ತಲೆಗೆ ಪೆಟ್ಟಾಗಿದೆಯೇ ಎಂದು ಸ್ಕ್ಯಾನಿಗೆ ಕಳಿಸುತ್ತಾರೆ, ಸೋಂಕಿರಬಹುದೆಂದು ಔಷಧ ಬದಲಿಸುತ್ತಾರೆ, ಬಂಧುಗಳು ಗಾಳಿ ಸೋಕಿದೆ ಎಂದು ತಾಯತ ತರುತ್ತಾರೆ. ಬರೆದಿದ್ದರೆ ಮೊದಲ ದಿನವೇ ಲೊರಾಜೆಪಾಮ್‌ನಂಥ ಔಷಧ ಶುರುವಾಗುತ್ತದೆ, ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ ಅಂದರೆ ಬಿ1 ಜೀವಸತ್ವ ಕೊಡುತ್ತಾರೆ. ಚಿಕಿತ್ಸೆ ಸಿಗದ ಸನ್ನಿಯಲ್ಲಿ ಪ್ರಾಣ ಹೋಗಬಹುದು. ಒಂದು ಸಾಲಿನ ಬರಹಕ್ಕೆ ಇಷ್ಟು ತೂಕವಿದೆ.

ಪ್ರಮಾಣವನ್ನು ಹೇಗೆ ಬರೆಯಬೇಕೆಂಬುದಕ್ಕೂ ಒಂದು ಲೆಕ್ಕ ಇದೆ. 'ಸ್ವಲ್ಪ', 'ಜಾಸ್ತಿ' ಎಂದರೆ ಯಾರಿಗೂ ಅರ್ಥವಾಗದು. ಕ್ವಾರ್ಟರ್ ಅಂದರೆ 180 ಮಿಲಿಲೀಟರ್. ಬಾಟಲಿಯ ಮೇಲೆ 42.8 ಶೇಕಡಾ ಎಂದು ಅಚ್ಚಾಗಿರುವ ವಿಸ್ಕಿ, ರಮ್ಮು, ಬ್ರಾಂದಿಯಾದರೆ ಅದರೊಳಗಿನ ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. ಹತ್ತು ಗ್ರಾಮಿಗೆ ಒಂದು ಅಳತೆ ಎಂದಿಟ್ಟುಕೊಂಡರೆ ಕ್ವಾರ್ಟರಿಗೆ ಆರು ಅಳತೆ, ನೈಂಟಿಗೆ ಮೂರು. ನಮ್ಮ ಗಾರೆ ಕೆಲಸದವರದು ದಿನಕ್ಕೆ ಒಂಬತ್ತು. ಯಾವ ಊರಿನ ವೈದ್ಯರು ಓದಿದರೂ ತಿಳಿಯುವ ಭಾಷೆ ಇದು.

ಇನ್ನು ಸಂಕೇತಗಳ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳಿಗೆಲ್ಲ ಒಂದು ವರ್ಗೀಕರಣ ಮಾಡಿದೆ. ಅದರ ಹತ್ತನೇ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಐಸಿಡಿ 10 ಎನ್ನುವುದು ಅದನ್ನೇ. ಅದರಲ್ಲಿ ಮಾದಕ ವಸ್ತುಗಳಿಗೆ ಸಂಬಂಧಿಸಿದ ತೊಂದರೆಗಳೆಲ್ಲ ಎಫ್10ರಿಂದ ಎಫ್19ರವರೆಗೆ. ಮದ್ಯ ಎಫ್10, ಅಫೀಮಿನ ಕುಲದವು ಎಫ್11, ಗಾಂಜಾ ಎಫ್12, ನಿದ್ದೆ ಮಾತ್ರೆ ಎಫ್13, ತಂಬಾಕು ಎಫ್17, ಪೆಟ್ರೋಲು ಥಿನ್ನರುಗಳಂಥ ಮೂಸುವ ವಸ್ತು ಎಫ್18. ನಮ್ಮ ಪಿನ್‌ಕೋಡ್ ಇದ್ದಂತೆ ಇದು. ಮೊದಲ ಅಂಕಿಗಳು ಪ್ರಾಂತ್ಯ ಹೇಳುತ್ತವೆ, ಮುಂದಿನವು ಬೀದಿಯ ಹತ್ತಿರ ಒಯ್ಯುತ್ತವೆ. ಚುಕ್ಕಿಯ ನಂತರ ಸೊನ್ನೆಯಿದ್ದರೆ ಆ ಹೊತ್ತಿನ ಅಮಲು, ಒಂದಾದರೆ ಹಾನಿಕರ ಬಳಕೆ, ಎರಡಾದರೆ ಅವಲಂಬನೆ, ಮೂರಾದರೆ ಬಿಟ್ಟಾಗಿನ ತೊಂದರೆ, ನಾಲ್ಕಾದರೆ ಆಗಲೇ ಹೇಳಿದ ಸನ್ನಿ.

ಈ ಒಂದಕ್ಕೂ ಎರಡಕ್ಕೂ ನಡುವಿನ ಅಂತರವೇ ಮುಖ್ಯವಾದದ್ದು. ಕುಡಿದು ಜಠರದಲ್ಲಿ ಹುಣ್ಣಾಗಿದೆ, ಆದರೆ ಬೇಡವೆಂದರೆ ನಿಲ್ಲಿಸಬಲ್ಲರು, ಅಂಥವರದು ಹಾನಿಕರ ಬಳಕೆ. ಅವಲಂಬನೆ ಎನ್ನಬೇಕಾದರೆ ಆರು ಲಕ್ಷಣಗಳಲ್ಲಿ ಮೂರಾದರೂ ಕಳೆದ ಒಂದು ವರ್ಷದಲ್ಲಿ ಒಟ್ಟಿಗೆ ಕಂಡಿರಬೇಕು. ತಡೆಯಲಾರದ ತುಡಿತ, ಶುರುಮಾಡಿದರೆ ಹಿಡಿತ ತಪ್ಪುವುದು, ಬಿಟ್ಟರೆ ದೇಹ ಬಂಡೇಳುವುದು, ಮೊದಲಿನ ಅಮಲಿಗೆ ಈಗ ಹೆಚ್ಚು ಬೇಕಾಗುವುದು, ಮನೆ ಕೆಲಸ ಸಂತೋಷಗಳೆಲ್ಲ ಹಿಂದೆ ಸರಿಯುವುದು, ಕೆಡುಕಾಗುತ್ತಿದೆ ಎಂದು ತಿಳಿದೂ ಮುಂದುವರಿಯುವುದು. ಈ ಕಲ್ಪನೆಗೆ ಮೊದಲ ರೂಪ ಕೊಟ್ಟವರು ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್, 1976ರಲ್ಲಿ. ವ್ಯಕ್ತಿಯ ಗುಣನಡತೆಯ ಮಾತು ಈ ಆರರಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ.

ಈಗ ಆ ಎರಡು ಪದಗಳಿಗೆ ಮತ್ತೆ ಬರೋಣ. ಐಸಿಡಿ 10ರಲ್ಲಿ 'ಕ್ರಾನಿಕ್ ಆಲ್ಕೊಹಾಲಿಸಂ' ಎಂದು ಹುಡುಕಿದರೆ ಅದು ನೇರವಾಗಿ ಎಫ್10.2ಕ್ಕೆ, ಅಂದರೆ ಅವಲಂಬನೆಗೆ ಒಯ್ಯುತ್ತದೆ. ಅವಸರದಲ್ಲಿ ಗೀಚಿದ ಮಾತು ನಮ್ಮ ಮೇಜಿಗೆ ಬರುವಷ್ಟರಲ್ಲಿ ಒಂದು ಪೂರ್ಣ ರೋಗನಿರ್ಣಯವಾಗಿಬಿಡುತ್ತದೆ. ಮದುವೆ ಮುಂಜಿಗೆ ಎರಡು ಪೆಗ್ ಹಾಕುವವರೂ, ಬೆಳಗೆದ್ದು ನೈಂಟಿ ಬೀಳದೆ ಹಲ್ಲುಜ್ಜಲಾಗದವರೂ ಒಂದೇ ಸಂಕೇತದಡಿ ಸೇರುತ್ತಾರೆ. ಆರು ಲಕ್ಷಣಗಳಲ್ಲಿ ಯಾವುದನ್ನೂ ಯಾರೂ ಕೇಳಿರುವುದಿಲ್ಲ. ಅಪಘಾತದಲ್ಲಿ ಬಂದವರ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ 'ಆಲ್ಕೊಹಾಲಿಕ್' ಎಂದು ಬರೆಯುವುದೂ ಉಂಟು. ವಾಸನೆ ಬಂದರೆ ವಾಸನೆ ಬಂತೆಂದೇ ಬರೆಯಬೇಕು, ಅಷ್ಟೇ.

ಇಂಥದ್ದೇ ಇನ್ನೊಂದು ಅನ್ಯಾಯ ಮಾರ್ಫಿನ್ ವಿಷಯದಲ್ಲಿ ನಡೆಯುತ್ತದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರಿಗೆ ದಿನ ಕಳೆದಂತೆ ಪ್ರಮಾಣ ಹೆಚ್ಚಬೇಕಾಗಬಹುದು, ತಟ್ಟನೆ ನಿಲ್ಲಿಸಿದರೆ ಮೈ ಕೈ ನೋವು, ಬೆವರು ಬರಬಹುದು. ಅದು ಔಷಧಕ್ಕೆ ದೇಹ ಕೊಡುವ ಸಹಜ ಉತ್ತರ. ನೋವು ಹೋದರೆ ಅವರಿಗೆ ಮಾರ್ಫಿನ್ ಬೇಕೂ ಆಗುವುದಿಲ್ಲ. ಇಂಥವರ ಹಾಳೆಯಲ್ಲಿ 'ಅವಲಂಬನೆ' ಎಂದು ಬರೆದರೆ ಮುಂದಿನ ಆಸ್ಪತ್ರೆಯಲ್ಲಿ ಔಷಧ ಕೊಡಲು ಹಿಂಜರಿಯುತ್ತಾರೆ, ಮನೆಯವರು ಹೆದರುತ್ತಾರೆ, ರೋಗಿ ನೋವು ತಿನ್ನುತ್ತಾರೆ. ಇದು ನನ್ನನ್ನು ತುಂಬ ಕಾಡುವ ವಿಷಯ.

ಸಂಕೇತದಲ್ಲಿ ಚುಕ್ಕಿಯಾದ ಮೇಲಿನ ಎರಡನೇ ಅಂಕಿಯನ್ನು ನಮ್ಮಲ್ಲಿ ಬಹಳ ಕಡೆ ಬಿಟ್ಟೇಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಸಂಕೇತದಲ್ಲಿ ಮಾನವೀಯವಾದ ಅಂಕಿ ಅದೇ, ಏಕೆಂದರೆ ರೋಗಿ ಈಗ ಎಲ್ಲಿ ನಿಂತಿದ್ದಾರೆ ಎಂದು ಹೇಳುವುದು ಅದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎಫ್10.20 ಎಂದರೆ ಅವಲಂಬನೆ ಇತ್ತು, ಈಗ ಬಿಟ್ಟಿದ್ದಾರೆ. 21 ಎಂದರೆ ಬಿಟ್ಟಿದ್ದಾರೆ, ಆದರೆ ಆಸ್ಪತ್ರೆ ಅಥವಾ ಜೈಲಿನಂಥ ಕಾಪು ಇರುವ ಜಾಗದಲ್ಲಿದ್ದಾರೆ. 23 ಎಂದರೆ ಬಿಟ್ಟಿದ್ದಾರೆ, ಡೈಸಲ್ಫಿರಾಮ್ ಅಥವಾ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಯ ಮೇಲಿದ್ದಾರೆ. 24 ಎಂದರೆ ಈಗಲೂ ಕುಡಿಯುತ್ತಿದ್ದಾರೆ.

ಈ 23 ಇದೆಯಲ್ಲ, ಅದನ್ನು ಬರೆಯದಿದ್ದರೆ ಅಪಾಯ. ಡೈಸಲ್ಫಿರಾಮ್ ತೆಗೆದುಕೊಳ್ಳುವವರ ಹೊಟ್ಟೆಗೆ ಮದ್ಯ ಹೋದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಮದ್ಯಸಾರ ಬೆರೆತ ಕೆಮ್ಮಿನ ಸಿರಪ್ಪೂ ತೊಂದರೆ ಕೊಡಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಸೇರಿದರೆ ಬುದ್ಧಿಭ್ರಮಣೆ ಆಗಬಹುದು. ಕೆಲವು ಮನೆಗಳಲ್ಲಿ ಗಂಡನಿಗೋ ಮಗನಿಗೋ ತಿಳಿಯದಂತೆ ಈ ಮಾತ್ರೆಯನ್ನು ಕಾಫಿಗೆ, ಸಾರಿಗೆ ಬೆರೆಸಿ ಕೊಡುತ್ತಾರೆ. ಅವರ ಹತಾಶೆ ಅರ್ಥವಾಗುವಂಥದ್ದೇ. ಆದರೂ ದಯವಿಟ್ಟು ಹಾಗೆ ಮಾಡಬೇಡಿ. ಬೆರೆಸಿದ್ದಾಗಿದ್ದರೆ ವೈದ್ಯರಿಗೆ ಹೇಳಿ, ಅವರು ಬರೆದುಕೊಳ್ಳಲಿ.

ಈಗ ಒಂದು ವಿಚಿತ್ರ ಕೇಳಿ. ಅಮೆರಿಕದಲ್ಲಿ ಐಸಿಡಿ 10ರ ತಮ್ಮದೇ ರೂಪವೊಂದನ್ನು ಮಾಡಿಕೊಂಡು 2015ರ ಅಕ್ಟೋಬರ್ 1ರಿಂದ ಬಳಸುತ್ತಿದ್ದಾರೆ. ಅಲ್ಲಿ ಅದೇ ಎಫ್10.20 ಎಂದರೆ 'ಅವಲಂಬನೆ ಇದೆ, ಬೇರೆ ತೊಡಕಿಲ್ಲ'. ಬಿಟ್ಟವರಿಗೆ ಅಲ್ಲಿ 21. ನಮ್ಮ ವೈದ್ಯರು 'ಬಿಟ್ಟಿದ್ದಾರೆ' ಎಂದು ಹಾಕಿದ ಸಂಕೇತವನ್ನು ಅಲ್ಲಿಯವರು 'ಈಗಲೂ ಅವಲಂಬಿತರು' ಎಂದು ಓದಬಹುದು. ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋದ ಹಿರಿಯರೊಬ್ಬರು ಹತ್ತು ವರ್ಷದಿಂದ ಹನಿ ಮುಟ್ಟಿಲ್ಲ ಎನ್ನಿ. ಅವರ ಹಳೆಯ ಹಾಳೆಯಲ್ಲಿ ಬರೀ ಸಂಕೇತವಿದ್ದು ಮಾತಿನಲ್ಲಿ ಏನೂ ಇಲ್ಲದಿದ್ದರೆ, ಅಲ್ಲಿ ಅವರು ಮತ್ತೆ ಕುಡುಕರಾಗುತ್ತಾರೆ. ಸಂಕೇತದ ಪಕ್ಕದಲ್ಲಿ 'ಇಂಥ ತಿಂಗಳಿನಿಂದ ಪೂರ್ತಿ ಬಿಟ್ಟಿದ್ದಾರೆ' ಎಂದು ಒಂದು ಸಾಲು ಇರಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಈ ಅಮೆರಿಕದ ರೂಪವನ್ನು ಕಂಠಪಾಠ ಮಾಡಿದ ಸಾವಿರಾರು ಹುಡುಗ ಹುಡುಗಿಯರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಬಿಎಸ್‌ಸಿ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಓದಿ ಮೆಡಿಕಲ್ ಕೋಡಿಂಗ್‌ಗೆ ಸೇರಿದವರು. ಅಮೆರಿಕದ ರೋಗಿಗಳ ಚಾರ್ಟು ಓದಿ ಸಂಕೇತ ಹಾಕುವುದು ಇವರ ಕೆಲಸ, ರೋಗಿಯನ್ನು ಎಂದೂ ಕಾಣುವುದಿಲ್ಲ. ಇವರು ಪಾಲಿಸುವ ಶಿಸ್ತನ್ನು ನಮ್ಮ ಆಸ್ಪತ್ರೆಗಳೂ ಕಲಿಯಬೇಕು. ಚಾರ್ಟಿನಲ್ಲಿ 'ದಿನಕ್ಕೆ ಆರು ಬಿಯರ್' ಎಂದಷ್ಟೇ ಇದ್ದರೆ ಕೋಡರ್ ತಾನಾಗಿ ಅವಲಂಬನೆ ಎಂದು ಊಹಿಸುವಂತಿಲ್ಲ. ವೈದ್ಯರಿಗೆ ಕ್ವೆರಿ ಕಳಿಸಬೇಕು. ಬಿಟ್ಟಿದ್ದಾರೆ ಎಂಬ ಸಂಕೇತ ಹಾಕಲೂ ವೈದ್ಯರ ಬರಹ ಬೇಕು. ಒಂದೇ ವಸ್ತುವಿಗೆ ಬಳಕೆ, ದುರ್ಬಳಕೆ, ಅವಲಂಬನೆ ಮೂರೂ ಬರೆದಿದ್ದರೆ ಅವಲಂಬನೆಯದೊಂದೇ ಸಂಕೇತ. ನಿಯಮ ಇಷ್ಟು ಬಿಗಿ ಇರುವುದಕ್ಕೆ ದುಡ್ಡೂ ಒಂದು ಕಾರಣ. ಅಲ್ಲಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಒಂದು ಭಾಗ ನಡೆಸುವ ಖಾಸಗಿ ಕಂಪನಿಗಳಿಗೆ, ಸದಸ್ಯರ ರೋಗಸಂಕೇತ ಭಾರವಾದಷ್ಟೂ ಸರ್ಕಾರದ ಹಣ ಹೆಚ್ಚು ಬರುತ್ತದೆ. ಊಹೆಗೆ ಎಡೆ ಕೊಟ್ಟರೆ ಅದು ಯಾವ ದಿಕ್ಕಿಗೆ ವಾಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ವಿಮೆ ವಾಲುವುದು ಬೇರೆ ಕಡೆಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆ ಎಂದೇ ಸೇರಿಸಿಕೊಂಡಿದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಅಸ್ವಸ್ಥತೆಗೂ ವಿಮೆ ಕೊಡಬೇಕೆಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಹನ್ನೆರಡನೆಯದು ಕುಡಿತ ಮತ್ತು ಮಾದಕ ವ್ಯಸನದ ಚಿಕಿತ್ಸೆ, ಜೊತೆಗೆ ಅವುಗಳ ಪರಿಣಾಮಗಳು. ಕಾಯ್ದೆ ಕಾಯಿಲೆ ಎಂದು ಒಪ್ಪಿದ್ದನ್ನು ಪಾಲಿಸಿಯ ಪುಟ ಹೊರಗಿಡುತ್ತದೆ. ಇದು ಸರಿಯಲ್ಲ, ಬದಲಾಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅದು ಬದಲಾಗುವವರೆಗೆ 'ಪರಿಣಾಮಗಳು' ಎಂಬ ಒಂದು ಮಾತು ಎಷ್ಟು ಮನೆಗಳನ್ನು ಸಾಲಕ್ಕೆ ತಳ್ಳಬಲ್ಲದು ನೋಡಿ. ಮೇದೋಜೀರಕ ಗ್ರಂಥಿಯ ಊತದಿಂದ ಒಬ್ಬರು ದಾಖಲಾಗುತ್ತಾರೆ. ಪಿತ್ತಕೋಶದ ಕಲ್ಲಿನಿಂದ ಬಂದ ಊತಕ್ಕೆ ಕೆ85.1, ಮದ್ಯದಿಂದ ಬಂದದ್ದಕ್ಕೆ ಕೆ85.2. ಸ್ಕ್ಯಾನಿನಲ್ಲಿ ಕಲ್ಲು ಕಂಡಿದೆ, ಆದರೆ ಮೊದಲ ಪುಟದಲ್ಲಿ ಯಾರೋ 'ಆಲ್ಕೊಹಾಲಿಕ್' ಎಂದು ಬರೆದಿದ್ದಾರೆ. ವಿಮೆಯ ಕ್ಲೇಮು ಪರಿಶೀಲಿಸುವ ಟಿಪಿಎ ಕಚೇರಿಯಲ್ಲಿ ಕಡತ ಓದುವವರು ಹಿಡಿಯುವುದು ಆ ಪದವನ್ನೇ. ಹೀಗೆಂದು ವೈದ್ಯರು ಸುಳ್ಳು ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಕುಡಿತದಿಂದಲೇ ಬಂದಿದ್ದರೆ ಹಾಗೆಂದೇ ಬರೆಯಲಿ. ಕಲ್ಲಿನಿಂದ ಬಂದಿದ್ದರೆ ಕಲ್ಲು ಕಂಡಿತು, ಎಷ್ಟು ದೊಡ್ಡದು, ಕುಡಿತ ಅಪರೂಪ ಎಂದು ಕಂಡದ್ದನ್ನು ಕಂಡಂತೆ ಬರೆಯಲಿ.

ಸುಳ್ಳಿನ ಮಾತು ಬಂತು. ಮರಣದ ಕಾರಣದ ಪ್ರಮಾಣಪತ್ರದಲ್ಲಿ ಅದು ಬೇರೆ ರೂಪದಲ್ಲಿ ಬರುತ್ತದೆ. ಮದ್ಯದಿಂದ ಯಕೃತ್ತು ಗಟ್ಟಿಯಾಗಿ ತೀರಿಕೊಂಡವರ ಮನೆಯವರು "ಸಾರ್, ಕುಡಿತ ಅಂತ ಮಾತ್ರ ಬರೀಬೇಡಿ, ಮಗಳ ಮದುವೆ ಇದೆ" ಎಂದು ಕೈ ಮುಗಿಯುತ್ತಾರೆ. ಆಗ ಕೆ70.3 ಆಗಬೇಕಾದದ್ದು ಕಾರಣ ತಿಳಿಯದ ಕೆ74.6 ಆಗುತ್ತದೆ, ಇಲ್ಲವೇ ಬರೀ 'ಹೃದಯ ಸ್ತಂಭನ' ಎಂದಾಗುತ್ತದೆ. ಆ ತಾಲ್ಲೂಕಿನಲ್ಲಿ ಕುಡಿತದಿಂದ ಸತ್ತವರ ಲೆಕ್ಕದಿಂದ ಒಬ್ಬರು ಮಾಯ. ಅಲ್ಲಿಗೆ ವ್ಯಸನ ಮುಕ್ತಿ ಕೇಂದ್ರ ಬೇಕು, ಮನೋವೈದ್ಯರು ಬೇಕು ಎಂದು ಕೇಳಲು ಇದ್ದ ಆಧಾರವೂ ಮಾಯ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಮದ್ಯಸೇವನೆಯ ತೊಂದರೆ ಇರುವವರಲ್ಲಿ ಶೇಕಡಾ 86 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಕಾಲು ಮುರಿದೋ ಹೊಟ್ಟೆ ನೋವೆಂದೋ ಬಂದಾಗ ಕೇಸ್ ಶೀಟಿನಲ್ಲಿ ಸರಿಯಾಗಿ ಬರೆದು ಮನೋವೈದ್ಯರಿಗೆ ತೋರಿಸಿದರೆ ಮಾತ್ರ ಅಂಥವರಿಗೆ ಬಾಗಿಲು ತೆರೆಯುತ್ತದೆ.

ಇಷ್ಟೆಲ್ಲ ಬರೆದರೆ ಊರಿಗೆಲ್ಲ ಗೊತ್ತಾಗುವುದಿಲ್ಲವೇ ಎಂಬ ಭಯ ಸಹಜ. ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. 25ನೇ ಸೆಕ್ಷನ್ ಪ್ರಕಾರ ತನ್ನ ಮೂಲಭೂತ ವೈದ್ಯಕೀಯ ದಾಖಲೆಯನ್ನು ನೋಡುವ ಹಕ್ಕೂ ರೋಗಿಗಿದೆ. ಹಾಗಾಗಿ ಡಿಸ್ಚಾರ್ಜ್ ದಿನ ಆ ಹಾಳೆಯನ್ನು ಅಲ್ಲೇ ಓದಿಸಿಕೊಳ್ಳಿ. ಯಾವ ವಸ್ತು, ಎಷ್ಟು, ಎಂದಿನಿಂದ, ಕೊನೆಗೆ ಯಾವಾಗ, ಈಗಿನ ಸ್ಥಿತಿ ಏನು, ಇಷ್ಟು ಇದೆಯೇ ನೋಡಿ. ತಪ್ಪಿದ್ದರೆ ಮನೆಗೆ ಹೋದ ಮೇಲೆ ಓಡಾಡುವ ಬದಲು ಅಲ್ಲೇ ತಿದ್ದಿಸಿ. ತಿಂಗಳು ಕಳೆದು ಮತ್ತೆ ತೋರಿಸಲು ಹೋದಾಗ, ಬಿಟ್ಟದ್ದು ಮುಂದುವರಿದಿದ್ದರೆ ಅದನ್ನೂ ಬರೆಸಿಕೊಳ್ಳಿ. ಗುಟ್ಕಾ, ಖೈನಿ ಮರೆಯಬೇಡಿ. ಅದನ್ನು ಚಟವೆಂದು ಹೇಳಲು ಯಾರಿಗೂ ನೆನಪಾಗುವುದಿಲ್ಲ, ಬಾಯಿಯಲ್ಲಿ ಬಿಳಿ ಮಚ್ಚೆ ಕಂಡ ಮೇಲೆ ನೆನಪಾಗುತ್ತದೆ. ವರ್ಷಗಟ್ಟಲೆ ನುಂಗುತ್ತಿರುವ ನಿದ್ದೆ ಮಾತ್ರೆಯ ಖಾಲಿ ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಹೋಗಿ.

ಆಸ್ಪತ್ರೆ ದೂರವಿದ್ದರೆ, ಯಾರಲ್ಲಿ ಕೇಳಬೇಕೆಂದು ತಿಳಿಯದಿದ್ದರೆ, ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. 2022ರಿಂದ ನಡೆಯುತ್ತಿದೆ, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆದರೆ ದಿನವೂ ಕುಡಿಯುತ್ತಿದ್ದವರು ತಟ್ಟನೆ ನಿಲ್ಲಿಸಿ ನಡುಗುತ್ತಿದ್ದರೆ, ಫಿಟ್ಸ್ ಬಂದರೆ, ಇಲ್ಲದ್ದು ಕಾಣುತ್ತಿದೆ ಎಂದರೆ ಫೋನು ಹಿಡಿದು ಕೂರದೆ ನೇರವಾಗಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಕೊನೆಗೆ ಕುಡಿದದ್ದು ಎಷ್ಟೊತ್ತಿಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡೇ ಹೊರಡಿ.